ಒಂಬತ್ತು ದಿನ ತಡ

ಮಾರ್ಚ್ 9, ಸೋಮವಾರ

ಇವತ್ತು ಮೂವತ್ತೊಂದು ಫೈಲು. ಊಟದ ಹೊತ್ತಿಗೆ ಹದಿನಾಲ್ಕು ಮುಗಿದವು. ಜಾಮೀನು ಆರು, ಶಿಕ್ಷೆ ಕಡಿಮೆ ಮಾಡಿ ಎನ್ನುವವು ಐದು, ಮಿಕ್ಕದ್ದು ಚಿಲ್ಲರೆ. ಎಲ್ಲದರ ಮೇಲೂ ನನ್ನ ಹಳದಿ ಚೀಟಿ. ಎಂಟು ಸಾಲು, ಕೊನೆಯ ಸಾಲಿನಲ್ಲಿ ಸಲಹೆ. ಈ ಕ್ರಿಮಿನಲ್ ಕೋರ್ಟಿನ ನಾಲ್ಕು ಜಡ್ಜ್‌ಗಳಿಗೆ ಕಾನೂನು ಸಲಹೆ ಬರೆಯುವವಳು ನಾನೊಬ್ಬಳು. ಅವರು ಮೇಲೆ ಕೂತು ಕೇಳುತ್ತಾರೆ, ನಾನು ಹಿಂದಿನ ಕೋಣೆಯಲ್ಲಿ ಕೂತು ಓದುತ್ತೇನೆ. ಹಿರಿಯರಂತೂ — ನಾಲ್ವರಲ್ಲಿ ಹಿರಿಯ ಜಡ್ಜ್ — ಚೀಟಿ ಓದಿ ಕೆಳಗೆ ಸಹಿ ಹಾಕುತ್ತಾರೆ, ಫೈಲು ಬಿಚ್ಚುವುದೇ ಇಲ್ಲ. “ನೀವು ಓದಿದ್ರೆ ನಾನು ಓದಿದ ಹಾಗೇ ಅಮ್ಮ” ಎನ್ನುತ್ತಾರೆ. ಈ ಮಾತು ಕೇಳಿದಾಗಲೆಲ್ಲ ಒಂದು ಸುತ್ತು ದಪ್ಪಗಾಗುತ್ತಿದ್ದೆ.

ಮೂರು ಗಂಟೆಗೆ ರೆಕಾರ್ಡ್ ರೂಮಿನ ಗೆದ್ದಲಣ್ಣ ಬಂದ. ಮೂವತ್ತು ವರ್ಷ ಕಾಗದದ ಮಧ್ಯೆಯೇ ಕಳೆದವನು, ಅದಕ್ಕೇ ಆ ಹೆಸರು. ಅವನಿಗೂ ಗೊತ್ತು, ಬೇಜಾರಿಲ್ಲ. ಕೈಯಲ್ಲಿ ಹಳೆಯ ಫೈಲು.

“ಮೇಡಂ, ನಿಮ್ಮ ಚೀಟಿ ಇದರಲ್ಲೇ ಉಳ್ಕೊಂಡಿದೆ. ಒಳಗಿರೋನ ಹೆಂಡ್ತಿ ಕಾಪಿ ಕೇಳಿದ್ದಾಳೆ. ಹೀಗೇ ಕೊಟ್ರೆ ನನ್ನ ತಲೆ ಹೋಗುತ್ತೆ. ಕಿತ್ತು ಕೊಡಿ.”

ಆದೇಶಕ್ಕೆ ಸಹಿ ಬಿದ್ದ ಮೇಲೆ ಚೀಟಿ ಕಿತ್ತು ಹರಿಯಬೇಕು, ಅದು ನಿಯಮ. ನಾವು ಕೊಟ್ಟ ಸಲಹೆ ಹೊರಗಿನವರ ಕಣ್ಣಿಗೆ ಬೀಳಬಾರದು. ಅವನ ರಿಜಿಸ್ಟರಿನಲ್ಲಿ ಇವತ್ತಿನ ತಾರೀಕು ಹಾಕಿ, ಸಹಿ ಮಾಡಿ, ಫೈಲು ಇಟ್ಟುಕೊಂಡೆ.

ಚೀಟಿ ನನ್ನದೇ ಅಕ್ಷರ. “ಪ್ರಕರಣ ಮತ್ತೆ ತೆರೆಯಲು ಖೈದಿಯ ಅರ್ಜಿ. ಕೊನೆಯ ದಿನ ಆಗಸ್ಟ್ 14. ಕೋರ್ಟಿಗೆ ಬಂದದ್ದು ಆಗಸ್ಟ್ 23. ಒಂಬತ್ತು ದಿನ ತಡ. ವಿಚಾರಣೆ ಇಲ್ಲದೆ ವಜಾ ಮಾಡಬಹುದು.” ಕೆಳಗೆ ಹಿರಿಯರ ಸಹಿ. ಆಚೆ ವರ್ಷದ ಸೆಪ್ಟೆಂಬರ್. ಸರಿ, ಎಲ್ಲ ಸರಿ ಇದೆ ಎಂದುಕೊಂಡು ಪಿನ್ನು ಕಿತ್ತೆ. ಕೊನೆಯ ಹಾಳೆಯ ಹಿಂದೆ ಒಂದು ಕವರು. ಮಡಚಿ ಹೊಲಿದಿದ್ದಾರೆ. ಬಿಡಿಸಿದರೆ ಜೈಲಿನ ಸೀಲು. ಆಗಸ್ಟ್ 11.

ಒಳಗಿರುವವರು ಅರ್ಜಿಯನ್ನು ಜೈಲಿನ ಅಧಿಕಾರಿಯ ಕೈಗೆ ಕೊಟ್ಟ ದಿನವೇ ಲೆಕ್ಕ, ಕೋರ್ಟಿಗೆ ಬಂದು ಬಿದ್ದ ದಿನ ಅಲ್ಲ. ಅವರೇನು ಅಂಚೆ ಕಚೇರಿಗೆ ಓಡಿ ಬರುತ್ತಾರೆಯೇ? ಹೊಸದಾಗಿ ಸೇರುವವರಿಗೆ ಮೊದಲ ದಿನ ಈ ಪಾಠ ಮಾಡುವವಳೇ ನಾನು. ಕವರು ನೋಡಿ, ಕವರು ನೋಡಿ ಎಂದು ಬಡಿದುಕೊಳ್ಳುತ್ತೇನೆ. ಹೇಳೋದು ಆಚಾರ, ತಿನ್ನೋದು ಬದನೇಕಾಯಿ.

ಅವನು ಮೂರು ದಿನ ಮುಂಚೆಯೇ ಕೊಟ್ಟಿದ್ದಾನೆ. ತಡ ಅಂತ ಬರೆದವಳು ನಾನು. ಹದಿನೆಂಟು ತಿಂಗಳಾಗಿದೆ.

ನಾಳೆ ಬೆಳಿಗ್ಗೆ ಮೊದಲ ಕೆಲಸ, ಹಿರಿಯರಿಗೆ ಹೇಳುವುದು.

ಮಾರ್ಚ್ 10, ಮಂಗಳವಾರ

ಹಿರಿಯರು ರಜೆ. ಗುರುವಾರದವರೆಗೆ ಇಲ್ಲವಂತೆ. ಬೇರೆ ಜಡ್ಜ್‌ಗೆ ಹೇಳಬಹುದಿತ್ತು. ಸಹಿ ಅವರದಾದ್ದರಿಂದ ಅವರಿಗೇ ಹೇಳುವುದು ಸರಿ... ಅಲ್ಲವೇ?

ಹಳೆಯ ಡೈರಿ ತೆಗೆದು ಆ ದಿನ ಏನು ಬರೆದಿದ್ದೆ ಎಂದು ನೋಡಿದೆ. ಜ್ವರವಿತ್ತು, ತಲೆನೋವಿತ್ತು, ಯಾರೋ ಸತ್ತಿದ್ದರು ಅಂತೇನಾದರೂ ಇರಲಿ ಎಂದು ಆಸೆ. “ಒಂದೇ ದಿನ ನಲವತ್ತೆರಡು ಫೈಲು. ನನ್ನ ದಾಖಲೆ. ಬರುವಾಗ ಅಕ್ಕನಿಗೆ ಚಪ್ಪಲಿ ತಂದೆ, ಅಳತೆ ಸರಿಹೋಯಿತು.” ಇಷ್ಟೇ. ಚೆನ್ನಾಗಿದ್ದೆ. ಖುಷಿಯಾಗಿದ್ದೆ.

ಅರ್ಜಿಯನ್ನು ಈಗ ಓದಿದೆ. ಮೊದಲ ಸಲ. ಆಗ ಮೇಲಿನ ಸೀಲು ನೋಡಿ ಬದಿಗಿಟ್ಟಿದ್ದೆ. ಏಳು ಹಾಳೆ, ಗೆರೆ ಹಾಕಿದ ನೋಟ್‌ಬುಕ್ ಕಾಗದ, ಒತ್ತಿ ಒತ್ತಿ ಬರೆದಿದ್ದಾನೆ. ಲಾರಿಗೆ ಸಾಮಾನು ಏರಿಸಿ ಇಳಿಸುವ ಕೆಲಸದವನು. ಬೆಳಗಿನ ಜಾವ ಐದಕ್ಕೆ ಒಂದು ಔಷಧಿ ಅಂಗಡಿ ಒಡೆದಿದ್ದಾರೆ, ತಡೆಯಲು ಬಂದ ಕಾವಲುಗಾರನ ಕಣ್ಣು ಹೋಗಿದೆ. ಕಾವಲುಗಾರ ಬೀದಿ ದೀಪದ ಬೆಳಕಿನಲ್ಲಿ ನೋಡಿದ್ದು ಇವನನ್ನೇ ಎಂದಿದ್ದಾನೆ. ಎಂಟು ವರ್ಷ ಶಿಕ್ಷೆ, ನಾಲ್ಕು ಮುಗಿದಿದೆ. ಮೂರನೆಯ ಹಾಳೆಯಲ್ಲಿ — “ಆ ದಿನ ಒಂದೇ ದಿನದ ಮಟ್ಟಿಗೆ ಬೇಕರಿಯಲ್ಲಿ ಬ್ರೆಡ್ಡಿನ ಟ್ರೇ ಇಳಿಸಲು ಹೋಗಿದ್ದೆ. ಯಜಮಾನರ ಹಾಜರಿ ಪುಸ್ತಕದಲ್ಲಿ ಬಂದ ಹೊತ್ತು, ಹೋದ ಹೊತ್ತು, ನನ್ನ ಸಹಿ ಇದೆ. ನಮ್ಮ ವಕೀಲರಿಗೆ ಹೇಳಿದೆ, ಅವರು ಕರೆಸಲಿಲ್ಲ. ದಯವಿಟ್ಟು ಆ ಪುಸ್ತಕ ಒಂದು ಸಲ ನೋಡಿ.”

ದಯವಿಟ್ಟು ಎನ್ನುವ ಪದದ ಕೆಳಗೆ ಎರಡು ಗೆರೆ ಎಳೆದಿದ್ದಾನೆ.

ಮಾರ್ಚ್ 13, ಶುಕ್ರವಾರ

ಹಿರಿಯರು ಬಂದರು. ಫೈಲು ಹಿಡಿದುಕೊಂಡೇ ಚೇಂಬರಿಗೆ ಹೋದೆ. ಬಾಯಿ ತೆರೆಯುವುದರೊಳಗೆ ಅವರೇ ಶುರು ಮಾಡಿದರು.

“ಬನ್ನಿ ಬನ್ನಿ. ನಿಮ್ಮ ವಿಷಯವೇ ಬರೀತಿದ್ದೆ. ಮುಖ್ಯ ಸಲಹೆಗಾರರ ಖುರ್ಚಿ ಖಾಲಿ ಇದೆಯಲ್ಲ. ಇಪ್ಪತ್ನಾಲ್ಕಕ್ಕೆ ಸಮಿತಿ ಕೂರುತ್ತೆ. ನಿಮ್ಮ ಹೆಸರು ಕಳಿಸ್ತಿದ್ದೀನಿ. ಹತ್ತೊಂಬತ್ತು ವರ್ಷದಲ್ಲಿ ಇವರ ಒಂದು ಚೀಟಿನೂ ತಪ್ಪಿಲ್ಲ ಅಂತ ಬರೆದಿದ್ದೀನಿ. ಸರಿ ತಾನೇ?”

ಫೈಲನ್ನು ಬೆನ್ನ ಹಿಂದಕ್ಕೆ ಸರಿಸಿದೆ.

“ಕೈಯಲ್ಲಿ ಅದೇನು?”

“ಏನಿಲ್ಲ ಸರ್, ಹಳೇ ಫೈಲು” ಎಂದೆ. ಥ್ಯಾಂಕ್ಸ್ ಬೇರೆ ಹೇಳಿದೆ.

ಹಳೆಯದು ಎನ್ನುವುದು ಸುಳ್ಳಲ್ಲವಲ್ಲ ಎಂದು ವರಾಂಡದಲ್ಲಿ ಸಮಾಧಾನ ಮಾಡಿಕೊಂಡೆ. ವಕೀಲೆಯ ಬುದ್ಧಿ. ಫೈಲು ನನ್ನ ಡ್ರಾಯರಿನಲ್ಲಿದೆ.

ಮಾರ್ಚ್ 15, ಭಾನುವಾರ

ಆ ಬೇಕರಿ ಕಡೆ ಹೋಗಿದ್ದೆ. ಹೋಗಬಾರದು, ಗೊತ್ತು. ಫೈಲಿನ ಹೊರಗೆ ಕಾಲಿಡಬಾರದು ಎನ್ನುವುದು ನಮ್ಮ ಕೆಲಸದ ಮೊದಲ ಮಾತು. ಒಂದು ಬ್ರೆಡ್ ತಂದೆ. ಅಷ್ಟೇ. ಬೇಕರಿ ಇನ್ನೂ ಇದೆ, ಯಜಮಾನರೂ ಇದ್ದಾರೆ. ನೆಮ್ಮದಿ.

ಅಕ್ಕ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದವಳು ಬ್ರೆಡ್ಡಿನ ಚೀಲ ಓದಿದಳು. “ಮನೆ ಕೆಳಗೇ ಅಂಗಡಿ ಇಟ್ಕೊಂಡು ಎರಡು ಬಸ್ಸು ಬದಲಾಯಿಸಿ ಬ್ರೆಡ್ ತಂದಿದ್ದೀಯ. ಅಲ್ಲಿ ಯಾರನ್ನಾದ್ರೂ ನೋಡೋಕೆ ಹೋಗಿದ್ದೆ ಅಂದ್ರೆ ಹೇಳು, ನಲವತ್ತಾರಕ್ಕೆ ಮದುವೆ ಆಗಬಾರದು ಅಂತ ಏನಿಲ್ಲ.”

ನಕ್ಕೆ. ಬ್ರೆಡ್ ಇಬ್ಬರೂ ತಿಂದೆವು. ನನಗೆ ಒಂದು ಚೂರಿನ ಮೇಲೆ ಇಳಿಯಲಿಲ್ಲ.

ಮಾರ್ಚ್ 18, ಬುಧವಾರ

ಕಾಪಿ ಕೊಡುವ ಕಿಟಕಿಯ ಹತ್ತಿರ ಒಬ್ಬ ಹೆಂಗಸು. ಗೆದ್ದಲಣ್ಣ ನನ್ನ ಕಡೆ ಕೈ ತೋರಿಸಿ, “ಅಗೋ, ಆ ಮೇಡಂನ ಕೇಳಮ್ಮ, ಫೈಲು ಅವರ ಹತ್ರ ಹೋಗಿದೆ” ಎಂದುಬಿಟ್ಟ. ಹಾಳಾದವನು.

ಆ ಖೈದಿಯ ಹೆಂಡತಿ. ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ. ಬಲಗೈ ಮಣಿಕಟ್ಟಿನ ಮೇಲೆ ಹಳೆಯ ಸುಟ್ಟ ಗೆರೆಗಳು. ಧ್ವನಿ ಮೆತ್ತಗೆ, ಆದರೆ ಬಿಡುವವಳಲ್ಲ.

“ಮೇಡಂ, ಒಂಬತ್ತು ದಿನ ತಡ ಅಂತ ಬರೆದಿದ್ದಾರೆ. ಅದು ಹೇಗೆ ಲೆಕ್ಕ? ನಾನು ಹನ್ನೆರಡನೇ ತಾರೀಕು ಅವರನ್ನ ನೋಡೋಕೆ ಹೋದಾಗ, ನಿನ್ನೆ ಕೊಟ್ಟೆ ಕಣೇ ಅಂದಿದ್ರು. ನಂಗೆ ಚೆನ್ನಾಗಿ ನೆನಪಿದೆ. ಹಾಗಾದ್ರೆ ಮೂರು ದಿನ ಮುಂಚೆ ಆಯ್ತಲ್ವಾ?”

“ಫೈಲು ನೋಡಿ ಹೇಳಬೇಕು” ಎಂದೆ.

“ನಂಗೆ ಓದು ಬರಹ ಅಷ್ಟಕ್ಕಷ್ಟೇ. ಎಣಿಸೋಕೆ ಬರುತ್ತೆ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳು ಏನೂ ಆರೋಪ ಮಾಡಿರಲಿಲ್ಲ, ಕೇಳಿದ್ದಷ್ಟೇ. ನಾನೇ ಬೆವರಿದೆ. “ಒಂದು ವಾರ ಬಿಟ್ಟು ಬನ್ನಿ” ಎಂದು ಕಳಿಸಿದೆ. ಒಂದು ವಾರ ಎಂದರೆ ಇಪ್ಪತ್ತೈದು. ಆ ತಾರೀಕು ಬಾಯಿಗೆ ಯಾಕೆ ಬಂತು ಎಂದು ಬರೆಯುವುದಿಲ್ಲ.

ಮಾರ್ಚ್ 19

ಹಿರಿಯರಿಗೆ ಹಲ್ಲು ನೋವು. ಇವತ್ತು ಬೇಡ.

ಮಾರ್ಚ್ 20

ಹಲ್ಲು ಸರಿಹೋಗಿದೆ. ಒಳ್ಳೆಯ ಖುಷಿಯಲ್ಲಿದ್ದರು. ಕೆಡಿಸಲು ಮನಸ್ಸಾಗಲಿಲ್ಲ.

ಮಾರ್ಚ್ 24, ಮಂಗಳವಾರ

ಆಯಿತು. ನನ್ನ ಹೆಸರೇ ಬಂತು. ನಾಲ್ಕು ಜಡ್ಜ್‌ಗಳೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗೆದ್ದಲಣ್ಣ ಟೀ ತರಿಸಿದ. ಅಕ್ಕ ಫೋನಿನಲ್ಲಿ, “ಇನ್ಮೇಲೆ ನಿನ್ನ ಹತ್ರ ಮಾತಾಡೋಕೆ ಅಪಾಯಿಂಟ್‌ಮೆಂಟ್ ಬೇಕೇನೇ” ಎಂದಳು. ವಾರ್ಡಿನಲ್ಲಿ ಎಲ್ಲರಿಗೂ ಹೇಳಿದ್ದಾಳಂತೆ.

ಮಾರ್ಚ್ 25, ಬುಧವಾರ

ಹೇಳಿದೆ.

ಕವರು ಮೇಜಿನ ಮೇಲಿಟ್ಟೆ. ಪಕ್ಕದಲ್ಲಿ ಚೀಟಿ. ಹಿರಿಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಸೀಲು ನೋಡಿದರು. ಬೆರಳು ಮಡಚಿ ಎಣಿಸಿದರು. ಮತ್ತೊಂದು ಸಲ ಎಣಿಸಿದರು.

“ಇದು ಯಾವಾಗ ಸಿಕ್ತು?”

“ನಿನ್ನೆ ಸಂಜೆ ಸರ್.”

ಅಷ್ಟು ಸಲೀಸಾಗಿ ಬಂತು. ಮೊದಲೇ ಬಾಯಲ್ಲಿ ಇಟ್ಟುಕೊಂಡೇ ಒಳಗೆ ಹೋಗಿದ್ದೆ ಅಂತ ಕಾಣುತ್ತದೆ.

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. “ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲ ಇಲ್ಲ ಅಮ್ಮ. ಸಹಿ ನಂದು. ಓದದೆ ಹಾಕಿದವನು ನಾನು. ಇವತ್ತೇ ಆದೇಶ ವಾಪಸ್ ತಗೋತೀನಿ. ಬೇಕರಿಯವರನ್ನ ಕರೆಸೋಣ, ಪುಸ್ತಕ ತರಿಸೋಣ. ಏಪ್ರಿಲ್ ಏಳಕ್ಕೆ ಇಡಿ. ಕಚೇರಿಯ ಎಣಿಕೆ ತಪ್ಪು ಅಂತ ಬರೀತೀನಿ, ನಿಮ್ಮ ಹೆಸರು ಬೇಡ. ಆ ಚೀಟಿ ಹರಿದುಬಿಡಿ.”

ಹೊರಗೆ ಬಂದಾಗ ಹಗುರಾಗಿತ್ತು. ನಾಚಿಕೆಗೇಡು ಅಂದರೆ ಇದೇ. ಹೊಟ್ಟೆ ತುಂಬ ಊಟ ಮಾಡಿದೆ. ಚೀಟಿ ಮಾತ್ರ ಹರಿಯಲಿಲ್ಲ, ಈ ಡೈರಿಯಲ್ಲಿ ಇಟ್ಟಿದ್ದೇನೆ. ಯಾಕೋ.

ಮಾರ್ಚ್ 30, ಸೋಮವಾರ

ಅವನ ಹೆಂಡತಿ ವರಾಂಡದಲ್ಲಿ ಕಾಯುತ್ತಿದ್ದಳು. ನನ್ನನ್ನು ಕಂಡವಳೇ ಎರಡೂ ಕೈ ಹಿಡಿದುಕೊಂಡಳು. ಇಸ್ತ್ರಿ ಮಾಡಿ ಮಾಡಿ ಅಂಗೈ ಗಟ್ಟಿಯಾಗಿದೆ, ಬಿಸಿಯಾಗಿದೆ.

“ಗೆದ್ದಲಣ್ಣ ಎಲ್ಲಾ ಹೇಳಿದ್ರು ಮೇಡಂ. ಆ ಕವರು ಹುಡುಕಿ ತೆಗೆದವರು ನೀವಂತೆ. ಹದಿನೆಂಟು ತಿಂಗಳು ಯಾರ ಕಣ್ಣಿಗೂ ಬೀಳದ್ದು ನಿಮ್ಮ ಕಣ್ಣಿಗೆ ಬಿತ್ತು. ಜೈಲಿಗೆ ಹೋಗಿ ಅವರಿಗೂ ಹೇಳಿ ಬಂದೆ. ನಮ್ಮಂಥವರಿಗೂ ಒಬ್ರು ಇದ್ದಾರೆ ನೋಡಿ ಅಂದೆ.”

ನನ್ನ ಕೆಲಸ ಅದು, ಬಿಡಿ ಎಂದೆ. ದೊಡ್ಡ ಮನಸ್ಸಿನವಳ ಹಾಗೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಮೂರು ವಾರದಿಂದ ಬದುಕುತ್ತಿದ್ದೇನೆ.

ಏಪ್ರಿಲ್ 7, ಮಂಗಳವಾರ. ಸಂಜೆ ಐದೂವರೆ

ಆದದ್ದು ಆದ ಹಾಗೇ ಬರೆಯುತ್ತೇನೆ.

ಕೋರ್ಟ್ ಹಾಲಿನ ಕೊನೆಯ ಸಾಲಿನಲ್ಲಿ ಕೂತಿದ್ದೆ. ಅವನನ್ನು ಮೊದಲ ಸಲ ನೋಡಿದ್ದು. ಸಣ್ಣ ಆಳು. ಅಂಗಿ ಇಸ್ತ್ರಿ ಆಗಿತ್ತು, ಗೆರೆ ಕತ್ತಿಯ ಹಾಗೆ. ಹೆಂಡತಿ ಕಳಿಸಿರಬೇಕು. ಬೇರೆ ಯಾರನ್ನೂ ನೋಡಲಿಲ್ಲ ಅವನು, ಬೇಕರಿಯವರನ್ನೇ ನೋಡುತ್ತಿದ್ದ.

ಬೇಕರಿ ಯಜಮಾನರು ಕಟಕಟೆ ಹತ್ತಿದರು. ಎಪ್ಪತ್ತು ದಾಟಿದವರು, ದಪ್ಪ ಕನ್ನಡಕ. ಹಾಜರಿ ಪುಸ್ತಕ ಇಡುತ್ತಿದ್ದಿರಾ ಎಂದು ಕೇಳಿದ್ದಕ್ಕೆ, ಇಪ್ಪತ್ತೆರಡು ವರ್ಷದಿಂದ ಒಂದು ದಿನವೂ ತಪ್ಪಿಲ್ಲ ಎಂದರು. ತಂದಿದ್ದೀರಾ?

“ಎಲ್ಲಿಂದ ತರ್ಲಿ ಸ್ವಾಮಿ. ಅಂಗಡಿ ಮುಚ್ಚಿಬಿಟ್ವಿ. ಕಟ್ಟಡ ಮಾರಾಟ ಆಯ್ತು. ಹೋದ ತಿಂಗಳು ಇಪ್ಪತ್ತಕ್ಕೆ ಖಾಲಿ ಮಾಡಿದ್ವಿ. ಪುಸ್ತಕ ಎಲ್ಲಾ ರದ್ದಿಗೆ ಹಾಕ್ದೆ. ಸಮನ್ಸ್ ಬಂದಿದ್ದು ಅದಾದ ಮೇಲೆ. ಒಂದು ವಾರ ಮೊದಲು ಬಂದಿದ್ರೆ ಕೈಯಲ್ಲೇ ಹಿಡ್ಕೊಂಡು ಬರ್ತಿದ್ದೆ.”

ಇಪ್ಪತ್ತನೇ ತಾರೀಕು. ಆ ಹಾಲಿನಲ್ಲಿ ನೂರು ಜನ ಇದ್ದರು. ಆ ತಾರೀಕು ಏನೆಂದು ಗೊತ್ತಿದ್ದವಳು ನಾನೊಬ್ಬಳು.

ಇವನು ಆ ದಿನ ಬಂದದ್ದು ನೆನಪಿದೆಯೇ ಎಂದು ಕೇಳಿದರು. ಮುದುಕರು ಕನ್ನಡಕ ಸರಿಮಾಡಿಕೊಂಡು ಅವನ ಮುಖವನ್ನು ಬಹಳ ಹೊತ್ತು ನೋಡಿದರು. ಒಂದು ಸುಳ್ಳು ಹೇಳಿಬಿಡಲಿ ಎಂದು ಬೇಡಿಕೊಂಡೆ. ಹೇಳಲಿಲ್ಲ. “ಮುಖ ನೋಡಿದ ಹಾಗಿದೆ. ಯಾವ ದಿನ ಅಂತ ಹೇಗೆ ಹೇಳ್ಲಿ? ದಿನ ಹೇಳೋಕೆ ಅಂತಲೇ ಪುಸ್ತಕ ಇಟ್ಟಿದ್ದು.”

ಸರ್ಕಾರಿ ವಕೀಲರು ಎದ್ದರು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡಿ ಎಂದರು. “ಅಂಥ ಪುಸ್ತಕ ಇತ್ತು ಅನ್ನೋದಕ್ಕೇ ಏನು ಆಧಾರ? ಬೇಕಾದಾಗ ಇರುತ್ತೆ, ಕೇಳಿದಾಗ ರದ್ದಿಗೆ ಹೋಗಿರುತ್ತೆ.”

ಮುದುಕರಿಗೆ ನೋವಾಯಿತು. ಕಟಕಟೆಯ ಕಂಬಿ ಹಿಡಿದುಕೊಂಡರು. “ನಾನ್ಯಾಕೆ ಸುಳ್ಳು ಹೇಳ್ಲಿ? ಖಾಲಿ ಮಾಡೋ ಮುಂಚೆ ಒಬ್ಬ ಹೆಣ್ಣುಮಗಳು ಬಂದು ಅದೇ ವರ್ಷದ ಪುಸ್ತಕ ಕೇಳಿ ತೆಗೆಸಿ ನೋಡಿದ್ರು. ಒಂದು ಬ್ರೆಡ್ಡೂ ತಗೊಂಡ್ರು. ಅವರನ್ನೇ ಕೇಳಿ.”

“ಯಾರು ಆ ಮಾಯದ ಮೇಡಂ? ಹೆಸರು? ವಿಳಾಸ?”

“ಗಿರಾಕಿಗಳ ವಿಳಾಸ ಯಾರು ಕೇಳ್ತಾರೆ.”

ಹಾಲಿನಲ್ಲಿ ನಗು. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಅವರು ನನ್ನ ಕಡೆ ಒಂದು ಸಲ ನೋಡಿದರು, ಗುರುತು ಹತ್ತಲಿಲ್ಲ. ನಾನು ಏಳಲಿಲ್ಲ. ತಲೆ ತಗ್ಗಿಸಿ ಪರ್ಸಿನಲ್ಲಿ ಏನೋ ಹುಡುಕಿದೆ. ಏನೂ ಬೇಕಿರಲಿಲ್ಲ.

ತೀರ್ಪು ಮುಂದಕ್ಕೆ ಹೋಯಿತು. ಹಾಲು ಖಾಲಿಯಾದ ಮೇಲೆ ಹಿರಿಯರು ನನ್ನನ್ನು ಕರೆದು, “ಪುಸ್ತಕ ಇಲ್ಲದೆ ನಿಲ್ಲೋದು ಕಷ್ಟ. ನೀವೇ ಒಂದು ಚೀಟಿ ಹಾಕಿಡಿ” ಎಂದರು.

ಏಪ್ರಿಲ್ 8, ಬುಧವಾರ. ಬೆಳಿಗ್ಗೆ

ಮಾರ್ಚ್ 15ರ ಪುಟ ತೆರೆದು ನೋಡಿದೆ. “ಒಂದು ಬ್ರೆಡ್ ತಂದೆ. ಅಷ್ಟೇ.” ಯಾರೂ ಓದದ ಪುಸ್ತಕದಲ್ಲೂ ಸುಳ್ಳು ಬರೆದಿದ್ದೇನೆ. ಈಗ ನಿಜ ಬರೆಯುತ್ತೇನೆ.

ಆ ಭಾನುವಾರ ಬೇಕರಿಯಲ್ಲಿ ಗಿರಾಕಿ ಇರಲಿಲ್ಲ. ನಮ್ಮ ಕಡೆಯವರೊಬ್ಬರು ಇಲ್ಲಿ ಕೆಲಸ ಮಾಡಿದ್ದರು, ಹಳೆಯ ಹಾಜರಿ ಸಿಗುತ್ತದೆಯೇ ಎಂದೆ. ಯಜಮಾನರಿಗೆ ಖುಷಿಯೋ ಖುಷಿ. ಇಷ್ಟು ವರ್ಷದಲ್ಲಿ ಆ ಪುಸ್ತಕ ಕೇಳಿದವಳು ನಾನೇ ಮೊದಲಂತೆ. ಕಪಾಟಿನಿಂದ ತೆಗೆದುಕೊಟ್ಟು ಒಲೆ ನೋಡಲು ಒಳಗೆ ಹೋದರು. ಉದ್ದನೆಯ ಪುಸ್ತಕ, ನೀಲಿ ರಟ್ಟು, ಹಾಳೆಗೆಲ್ಲ ಹಿಟ್ಟಿನ ಧೂಳು. ಆ ತಾರೀಕು ಹುಡುಕಿದೆ. ಇತ್ತು. ಅವನ ಹೆಸರು. ಬಂದದ್ದು 3.50. ಹೋದದ್ದು 6.10. ಟ್ರೇ ನೂರಾ ಹತ್ತು. ಪಕ್ಕದಲ್ಲಿ ಸಹಿ, ಅರ್ಜಿಯ ಕೊನೆಯಲ್ಲಿದ್ದ ಅದೇ ಒತ್ತಿ ಬರೆದ ಸಹಿ. ಔಷಧಿ ಅಂಗಡಿ ಒಡೆದದ್ದು ಐದಕ್ಕೆ, ಊರಿನ ಆ ಕೊನೆಯಲ್ಲಿ.

ಅವನಲ್ಲ ಅಂತ ಅವತ್ತೇ ಗೊತ್ತಾಯಿತು ನನಗೆ. ಪುಸ್ತಕ ಮುಚ್ಚಿ ವಾಪಸ್ ಕೊಟ್ಟೆ. ಬ್ರೆಡ್ ತಗೊಂಡೆ. ಕಪಾಟು ಅರ್ಧ ಖಾಲಿ ಇತ್ತು, ನೆಲದ ಮೇಲೆ ಹಗ್ಗ ಬಿಗಿದ ಪೆಟ್ಟಿಗೆಗಳು. ಎಲ್ಲಿಗೆ ಹೊರಟಿದ್ದೀರಿ ಅಂತ ಕೇಳಲಿಲ್ಲ. ಕೇಳಿದ್ದರೆ ಉತ್ತರ ಬರುತ್ತಿತ್ತು, ಉತ್ತರ ಬಂದಿದ್ದರೆ ಅವತ್ತೇ ಏನಾದರೂ ಮಾಡಬೇಕಾಗುತ್ತಿತ್ತು.

ಹಿರಿಯರ ರಜೆ ಮೂರು ದಿನ. ಹಲ್ಲು ನೋವು ಒಂದು ದಿನ. ಮಿಕ್ಕಿದ್ದೆಲ್ಲ ಆ ಖುರ್ಚಿಗಾಗಿ. ಫೈಲು ಬಂದದ್ದು ಒಂಬತ್ತಕ್ಕೆ, ಹೇಳಿದ್ದು ಇಪ್ಪತ್ತೈದಕ್ಕೆ. ಹದಿನಾರು ದಿನ. ಕವರು ನೋಡದೆ ಬರೆದದ್ದು ಕೈತಪ್ಪು. ಇದಕ್ಕೆ ಹಾಗೆ ಹೇಳಲಾರೆ, ಇದು ನಾನೇ ಕೂತು ಮಾಡಿದ್ದು.

ಅಕ್ಕನಿಗೆ ಹೇಳಿದೆ. ತಿಂಡಿಗೆ ಕೂತಿದ್ದಳು, ಡ್ಯೂಟಿಯ ಬಟ್ಟೆಯಲ್ಲೇ. ನಾನು ಹೇಳಿ ಮುಗಿಸಿದ ಮೇಲೆ ತಟ್ಟೆ ಪಕ್ಕಕ್ಕೆ ಸರಿಸಿದಳು.

“ಅದಕ್ಕೇ ಒಂದು ತಿಂಗಳಿಂದ ಹರಳೆಣ್ಣೆ ಕುಡಿದ ಮುಖ ಮಾಡ್ಕೊಂಡಿದ್ದೀಯ. ನಾನು ಹೊಸ ಕುರ್ಚಿ ಭಾರ ಅಂದ್ಕೊಂಡಿದ್ದೆ.”

“ಈಗ ಏನ್ ಮಾಡ್ಲಿ ಅಕ್ಕ?”

“ನನ್ನ ಯಾಕೆ ಕೇಳ್ತೀಯ? ನಿಂಗೆ ಗೊತ್ತಿಲ್ವಾ?” ಕೈ ತೊಳೆದು ಬಂದು ಎದುರಿಗೆ ಕೂತಳು. “ನಮ್ಮ ವಾರ್ಡಲ್ಲಿ ತಪ್ಪು ಇಂಜೆಕ್ಷನ್ ಹೋಯ್ತು ಅಂದ್ರೆ ಮೊದಲು ಕೂಗ್ತೀವಿ. ಡಾಕ್ಟ್ರೇ ಬನ್ನಿ, ತಪ್ಪಾಯ್ತು ಅಂತ. ಅಳೋದು, ಕೆಲಸ ಹೋಗೋದು, ಅದೆಲ್ಲ ಆಮೇಲೆ. ಪೇಷಂಟ್ ಇನ್ನೂ ಉಸಿರಾಡ್ತಿದ್ದಾನಲ್ಲ ಕಣೇ. ನಿನ್ನವನೂ ಉಸಿರಾಡ್ತಿದ್ದಾನೆ.”

ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಲಿಲ್ಲ. ಎದ್ದು ಹೋಗಿ ಮಲಗಿದಳು. ಬಾಗಿಲು ಪೂರ್ತಿ ಹಾಕಿರಲಿಲ್ಲ.

ಏಪ್ರಿಲ್ 9, ಗುರುವಾರ

ಹಿರಿಯರಿಗೆ ಎಲ್ಲ ಹೇಳಿದೆ. ರಿಜಿಸ್ಟರಿನ ತಾರೀಕು, ನಿನ್ನೆ ಸಂಜೆ ಎಂದ ಸುಳ್ಳು, ಬೇಕರಿ, ಪುಸ್ತಕ, ಪುಟ. ಆ ಮಾಯದ ಮೇಡಂ ನಾನೇ ಸರ್ ಎಂದೆ.

ಅವರ ಮುಖ ಗೋಡೆಯ ಸುಣ್ಣದ ಹಾಗಾಯಿತು. ಆಮೇಲೆ ಮಾತಾಡಿದಾಗ ‘ಅಮ್ಮ’ ಇರಲಿಲ್ಲ.

“ನೀವು ಸಾಕ್ಷಿ ಹೇಳಿದ್ರೆ ಏನಾಗುತ್ತೆ ಗೊತ್ತೇನ್ರಿ? ಚೀಟಿ ಹೊರಗೆ ಬರುತ್ತೆ. ಓದದೆ ಸಹಿ ಹಾಕಿದ್ದು ಹೊರಗೆ ಬರುತ್ತೆ. ಹತ್ತೊಂಬತ್ತು ವರ್ಷದ ಪ್ರತಿ ಫೈಲನ್ನೂ ಜನ ಮತ್ತೆ ತೆಗೀರಿ ಅಂತಾರೆ. ನಿಮ್ಮ ಕೆಲಸ ಅಂತೂ ಹೋಗುತ್ತೆ.”

“ತೆಗೀಲಿ ಸರ್. ಆ ಪುಟ ನೋಡಿದವಳು ನಾನೊಬ್ಬಳೇ ಉಳಿದಿರೋದು. ನಾನು ಹೇಳದಿದ್ರೆ ಆ ಪುಸ್ತಕ ಇರಲೇ ಇಲ್ಲ ಅಂತ ಆಗುತ್ತೆ.”

“ನಲವತ್ತೆರಡು ಫೈಲು ಒಂದೇ ದಿನ ಮುಗಿಸಿದ್ರಿ ಅಂತ ನಾನೇ ಹೊಗಳಿದ್ದೆ” ಎಂದರು, ತಮ್ಮಷ್ಟಕ್ಕೆ. ಆ ದಿನ ಇನ್ನೂ ನಲವತ್ತೊಂದು ಕವರು ಇದ್ದವು.

ಕೊನೆಗೆ ಡ್ರಾಯರ್ ಎಳೆದು ಬಿಳಿ ಹಾಳೆ ತೆಗೆದು ನನ್ನ ಮುಂದಿಟ್ಟರು. “ಇಲ್ಲೇ ಕೂತು ಬರೀರಿ. ಪ್ರಮಾಣ ಮಾಡಿ ಸಹಿ ಹಾಕಿ. ಇನ್ನು ಈ ಕೇಸು ನಾನು ಕೇಳೋ ಹಾಗಿಲ್ಲ, ಎರಡನೇ ಕೋರ್ಟಿಗೆ ಕಳಿಸ್ತೀನಿ. ನಾಳೆಯಿಂದ ನೀವು ಬರಬೇಡಿ.”

ಎರಡು ಪುಟ ಆಯಿತು. ಹಳದಿ ಚೀಟಿಯನ್ನೂ ಜೊತೆಗೆ ಪಿನ್ ಮಾಡಿದೆ. ಹೊರಡುವಾಗ ಅವರು ತಲೆ ಎತ್ತಲಿಲ್ಲ. ಬೇಜಾರು ಮಾಡಿಕೊಳ್ಳುವ ಹಕ್ಕು ನನಗಿಲ್ಲ.

ಗೆದ್ದಲಣ್ಣ ಮೆಟ್ಟಿಲ ತನಕ ಬಂದ. ಅವನಿಗೆ ಅಷ್ಟರಲ್ಲೇ ಗೊತ್ತಾಗಿತ್ತು, ಗೋಡೆಗೂ ಕಿವಿ ಇರುವ ಕಟ್ಟಡ ಇದು. “ನಾನು ಆ ಫೈಲು ತರ್ದೆ ಇದ್ದಿದ್ರೆ ಚೆನ್ನಾಗಿತ್ತೇನೋ ಮೇಡಂ” ಎಂದ. ಇಲ್ಲ, ಮುಂಚೆಯೇ ತರಬೇಕಿತ್ತು ಎಂದೆ.

ಏಪ್ರಿಲ್ 16, ಗುರುವಾರ. ಬೆಳಿಗ್ಗೆ 9.40

ಎರಡನೇ ಕೋರ್ಟಿನ ಹೊರಗೆ, ಸಾಕ್ಷಿಗಳು ಕೂರುವ ಬೆಂಚು. ಇಷ್ಟು ವರ್ಷ ಇದರ ಮುಂದೆ ಓಡಾಡಿದ್ದೇನೆ, ಕೂತದ್ದು ಇವತ್ತು. ಗಟ್ಟಿ ಮರ, ಬೆನ್ನಿಗೆ ಏನೂ ಇಲ್ಲ. ಅಕ್ಕ ಬರುತ್ತೇನೆ ಅಂದಳು, ಬೇಡ ಎಂದೆ. ಡೈರಿ ಜೊತೆಗಿದೆ. ಕೇಳಿದರೆ ಇದನ್ನೂ ಕೊಡಬೇಕು. 15ರ ಪುಟವನ್ನು ಹರಿದಿಲ್ಲ.

ಓಡಿಹೋಗಬೇಕು ಅನ್ನಿಸುತ್ತಿದೆ, ಅದನ್ನೂ ಬರೆದಿಡುತ್ತೇನೆ.

9.50

ಅವನ ಹೆಂಡತಿ ಬಂದಳು. ಬೇರೆ ಬೆಂಚುಗಳು ಖಾಲಿ ಇದ್ದರೂ ನನ್ನ ಪಕ್ಕದಲ್ಲೇ ಕೂತಳು. ಏನೂ ಗೊತ್ತಿಲ್ಲ. ಪುಸ್ತಕ ಕಣ್ಣಾರೆ ನೋಡಿದ ಸಾಕ್ಷಿ ಸಿಕ್ಕಿದ್ದಾರೆ ಅಂತಷ್ಟೇ ಅವರ ವಕೀಲರು ಹೇಳಿದ್ದಾರಂತೆ.

“ನೀವಾ ಮೇಡಂ? ನಮ್ಮ ಕಡೆ ಸಾಕ್ಷಿ ನೀವೇನಾ?”

ಹೌದು ಎಂದೆ.

“ಹಾಗಾದ್ರೆ ನಂಗೆ ಧೈರ್ಯ ಬಂತು ಬಿಡಿ.”

ನನ್ನ ಎಡಗೈ ಎಳೆದು ತನ್ನ ಮಡಿಲಲ್ಲಿ ಇಟ್ಟುಕೊಂಡಿದ್ದಾಳೆ. ಎರಡೂ ಕೈಯಿಂದ ಹಿಡಿದಿದ್ದಾಳೆ. ಏನು ಬರೀತಿದ್ದೀರಿ ಎಂದು ಕೇಳಿದಳು, ಹೇಳಬೇಕಾದ್ದನ್ನು ಎಂದೆ. ಬರೆಯಿರಿ, ಬರೆಯಿರಿ, ನಾನು ಮಾತಾಡಲ್ಲ ಎಂದು ಸುಮ್ಮನೆ ಕೂತಿದ್ದಾಳೆ. ಅವನು ನಿನ್ನೆ ಊಟ ಮಾಡಿದನಂತೆ, ಬಹಳ ದಿನದ ಮೇಲೆ.

ಕಟಕಟೆಯಲ್ಲಿ ಕೇಳಿ ತಿಳಿಯುವುದು ಬೇಡ. ಇಲ್ಲೇ, ನನ್ನ ಬಾಯಿಂದಲೇ ಕೇಳಲಿ. ಬಾಗಿಲು ತೆರೆಯಲು ಇನ್ನೂ ಐದು ನಿಮಿಷ ಇದೆ. ಕೈ ಬಿಡಿಸಿಕೊಂಡು ಹೇಳಲೋ, ಕೇಳಿದ ಮೇಲೆ ಅವಳೇ ಬಿಡಲಿ ಅಂತ ಹೀಗೇ ಹೇಳಲೋ? ಪೆನ್ನು ಮುಚ್ಚುತ್ತೇನೆ.